ಹನ್ನೊಂದು ದಿನದ ಹಾಜರಿ

ವಾಡಿ ಜಂಕ್ಷನ್
೧೫ ಜನವರಿ ೧೯೫೬

ಗುರುಲಿಂಗಯ್ಯ ಕಾಕಾ ಅವರಿಗೆ ಸರ್ವರಬೇಗಂಳ ಸಲಾಂ.

ನಿಮಗೆ ನನ್ನ ನೆನಪು ಇರಲಿಕ್ಕಿಲ್ಲ. ನೆಲಕ್ಕೆ ಹಾಸುವ ಫರಶಿ ಕಲ್ಲಿನ ಕಾರ್ಖಾನೆಯ ಇಂಜಿನ್ ಮೇಸ್ತ್ರಿ ಮೆಹತಾಬ್ ಅವರ ಮಗಳು ನಾನು. ನೀವು ಅಲ್ಲಿ ಹಾಜರಿ ಗುಮಾಸ್ತರಾಗಿದ್ದಾಗ ಕಿಟಕಿಯಿಂದ ಕೈ ಚಾಚಿ ನನಗೆ ಪುಠಾಣಿ ಕೊಡುತ್ತಿದ್ದಿರಿ. ಈಗ ನನಗೆ ಹದಿನೇಳು. ರೈಲಿನಲ್ಲಿ ಶಹಾಬಾದಿನ ಶಾಲೆಗೆ ಹೋಗಿಬಂದು ಮೆಟ್ರಿಕ್ ಓದುತ್ತಿದ್ದೇನೆ. ಮೊದಲು ಉರ್ದು ಕಲಿತೆ, ಆಮೇಲೆ ಕನ್ನಡ. ನೀವು ಚಿಂಚೋಳಿಯಲ್ಲಿ ಕನ್ನಡ ಮಾಸ್ತರರಾಗಿದ್ದೀರೆಂದು ಕೇಳಿದೆ. ತಪ್ಪಿದ್ದರೆ ತಿದ್ದಿ.

ಶಾಲೆಯಲ್ಲಿ ಕೈಬರಹದ ಪತ್ರಿಕೆ ತರುತ್ತಿದ್ದಾರೆ. ನಿಮ್ಮೂರಿನ ಹಳೆಯದೇನಾದರೂ ಇದ್ದರೆ ಬರೆಯಿರಿ ಎಂದರು. ಉಳಿದವರು ಗುಡಿ, ದರ್ಗಾ, ಕೋಟೆ ಹಂಚಿಕೊಂಡರು. ನಾನು ಫರಶಿ ಕಾರ್ಖಾನೆ ಎಂದೆ. ಮುಚ್ಚಿ ಎಂಟು ವರ್ಷವೂ ಆಗಿಲ್ಲ, ಅಷ್ಟರಲ್ಲೇ ಅದು ಇತಿಹಾಸವೇ ಎಂದು ನಕ್ಕರು. ಹೋದ ತಿಂಗಳು ಇಂಜಿನ್ನನ್ನು ತುಂಡು ಮಾಡಿ ಗೂಡ್ಸ್ ಗಾಡಿಗೆ ಹೇರಿದರು. ಛಾವಣಿಯ ತಗಡೂ ಹೋಯಿತು. ಇನ್ನೂ ಎಷ್ಟು ಹಳೆಯದಾಗಬೇಕು? ನಿಮಗೆ ನೆನಪಿದ್ದಷ್ಟು ಬರೆದು ಕಳಿಸಿ.

ಇನ್ನೊಂದು ಮಾತಿದೆ. ಅದು ಪತ್ರಿಕೆಗಲ್ಲ. ನಲವತ್ತೆಂಟರ ಪೊಲೀಸ್ ಆಕ್ಷನ್ ಗದ್ದಲದಲ್ಲಿ, ನಮ್ಮವರ ಮೇಲೆ ಕೈ ಮಾಡುತ್ತಿದ್ದಾಗ, ಮಾಮೂ ಬಂದು ಅಮ್ಮಿಯನ್ನೂ ನನ್ನನ್ನೂ ಗುಲಬರ್ಗಾಕ್ಕೆ ಕರೆದೊಯ್ದರು. ಅಬ್ಬಾ ಎರಡು ದಿನದಲ್ಲಿ ಬರುತ್ತೇನೆಂದು ಹಿಂದೆ ಉಳಿದರು. ಬರಲಿಲ್ಲ. ಎರಡು ತಿಂಗಳ ಮೇಲೆ ನಾವು ವಾಡಿಗೆ ಮರಳಿದಾಗ ನೀವು ಹಾಜರಿ ಪುಸ್ತಕ ತೆಗೆದು ಅಮ್ಮಿಗೆ ತೋರಿಸಿದಿರಿ. ನಾವು ಹೋದ ಮೇಲೂ ಹನ್ನೊಂದು ದಿನ ಅಬ್ಬಾ ಹಾಜರ್ ಇದ್ದರು. ಹನ್ನೊಂದು ದಿನ ಕೆಲಸಕ್ಕೆ ಬಂದವರು, ಎರಡು ತಾಸಿನ ರೈಲು ಹತ್ತಿ ನಮ್ಮ ಹತ್ತಿರ ಯಾಕೆ ಬರಲಿಲ್ಲ ಕಾಕಾ?

ನಿಮ್ಮ ಉತ್ತರದ ದಾರಿ ನೋಡುವ,
ಸರ್ವರಬೇಗಂ


ಚಿಂಚೋಳಿ
೨೮ ಜನವರಿ ೧೯೫೬

ಚಿರಂಜೀವಿ ಸರ್ವರಬೇಗಂಗೆ,

ನಿನ್ನ ಕನ್ನಡದಲ್ಲಿ ತಪ್ಪು ಹುಡುಕಲು ಕನ್ನಡಕ ಹಾಕಿಕೊಂಡೆ. ಕನ್ನಡಕ ಸಿಕ್ಕಿತು, ತಪ್ಪು ಸಿಗಲಿಲ್ಲ. ನಮ್ಮ ಶಾಲೆಯ ಹುಡುಗರಿಗೆ ನಿನ್ನ ಕಾಗದ ಓದಿ ತೋರಿಸೋಣವೆಂದಿದ್ದೆ. ಇಲ್ಲಿ ಈಗ ಯಾರಿಗೂ ಓದು ಬೇಡ. ತೆಲುಗರ ಸೀಮೆ ಕೂಗಳತೆಯಲ್ಲಿದೆ, ಹೈದರಾಬಾದ್ ರಾಜ್ಯ ಒಡೆಯುತ್ತದೆಂಬ ಸುದ್ದಿ ದಿನಾ ಬರುತ್ತಿದೆ. ಗಡಿಯಾರ ನೋಡುವವರಿಲ್ಲ, ಗಡಿ ಯಾರದು ಎಂಬುದೇ ಮೂರು ಹೊತ್ತಿನ ಮಾತು.

ಇನ್ನು ನಿನ್ನ ಇತಿಹಾಸ. ಬರೆದುಕೋ. ಹೈದರಾಬಾದಿನ ಒಬ್ಬ ಸೇಠರು ವಾಡಿಯ ಹೊರಗೆ ಖಣಿ ಹಿಡಿದು ಕಾರ್ಖಾನೆ ಹಾಕಿದರು. ನಮ್ಮ ನೆಲದ ಕಲ್ಲು ಪುಸ್ತಕವಿದ್ದಂತೆ, ಉಳಿ ತಾಗಿಸಿದರೆ ಹಾಳೆ ಹಾಳೆಯಾಗಿ ಏಳುತ್ತದೆ. ಓದಲು ಬಾರದವರೆಲ್ಲ ಆ ಹಾಳೆ ತಿರುವಿಯೇ ಹೊಟ್ಟೆ ಹೊರೆದರು. ಎದ್ದ ಫರಶಿಯ ಅಂಚು ಕೊಯ್ದು, ಮೇಲೆ ಕಬ್ಬಿಣದ ದೊಡ್ಡ ತಟ್ಟೆ ತಿರುಗಿಸಿ, ಉಸುಕು ನೀರು ಸುರಿದು ಕಲ್ಲನ್ನು ತಿಕ್ಕುತ್ತಿದ್ದೆವು. ಕಲ್ಲು ತಿಕ್ಕಲು ಇದ್ದ ಕಾರ್ಖಾನೆಯಾದ್ದರಿಂದ ಊರವರು ಅದನ್ನು ತಿಕ್ಕಲು ಕಾರ್ಖಾನೆ ಎಂದೇ ಕರೆದರು. ಅದರ ಗುಮಾಸ್ತನನ್ನು ಏನೆಂದಿರಬಹುದು, ನೀನೇ ಊಹಿಸಿಕೋ. ಉಸ್ಮಾನಿಯಾದಲ್ಲಿ ಎರಡು ವರ್ಷ ಓದಿ, ಎರಡು ಸಲ ನಪಾಸಾಗಿ ಬಂದವನು ನಾನು. ಕಲ್ಲಿಗಿಂತ ಮೊದಲು ನನಗೇ ಪಾಲಿಶ್ ಆಗಿತ್ತು.

ಉಸುಕು ಸುರಿಯುವ ಕೆಲಸ ಹೆಂಗಸರದು. ಜಾನಬಿ ಹತ್ತೊಂಬತ್ತು ವರ್ಷ ಸುರಿದಳು. ಅವಳ ಅಂಗೈಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ಸ್ಟೇಷನ್ನಿನಲ್ಲಿ ಕೈ ನೋಡುವವನೊಬ್ಬ ಅವಳ ಕೈ ಹಿಡಿದು, ತಿರುವಿ, ಬಿಸಿಲಿಗೆ ಹಿಡಿದು ನೋಡಿ, “ನಿಂಗ ಆಗಿದ್ದೂ ಏನಿಲ್ಲ, ಆಗೋದೂ ಏನಿಲ್ಲ ತಾಯಿ” ಅಂದ. “ಇದನ್ನ ಹೇಳಾಕ ನೀ ಯಾಕ ಬೇಕೋ ಭಾಡ್ಯಾ, ನಂಗೇ ಗೊತ್ತದ” ಅಂದಳು ಜಾನಬಿ. ಕಾರ್ಖಾನೆ ಮುಚ್ಚಿದ ಮರುವರ್ಷ ಕೆಮ್ಮಿ ಕೆಮ್ಮಿ ಹೋದಳು. ಕಲ್ಲಿನ ಹುಡಿ ಅವಳ ಎದೆಯಲ್ಲೂ ಒಂದು ಹಾಸು ಹಾಸಿತ್ತು.

ನನ್ನ ಕೆಲಸ ಹಾಜರಿ. ಬೆಳಿಗ್ಗೆ ಬಾಗಿಲಲ್ಲಿ ನಿಂತು ನೂರಾ ಹದಿನಾಲ್ಕು ಹೆಸರು ಕೂಗುವುದು, ಉರ್ದುವಿನಲ್ಲಿ ಗುರುತು ಹಾಕುವುದು. ಮೂರು ದಿನ ಸತತ ಗೈರಾದರೆ ಹೆಸರಿನ ಮೇಲೆ ಅಡ್ಡಗೆರೆ, ಆ ಮನೆಗೆ ಒಲೆಯಿಲ್ಲ. ಆದ್ದರಿಂದ ನಮ್ಮಲ್ಲೊಂದು ವಾಡಿಕೆ ಬೆಳೆದಿತ್ತು, ವಾಡಿಯಲ್ಲವೇ! ಜ್ವರವೋ, ಹೆರಿಗೆಯೋ, ಸಾವೋ ಇದ್ದರೆ ಪಕ್ಕದವನು ಹೆಸರು ಕೇಳಿದಾಗ ಕೆಮ್ಮುತ್ತಿದ್ದ. ಕೆಮ್ಮಿಗೆ ನಾನು ಹಾಜರ್ ಹಾಕುತ್ತಿದ್ದೆ. ಮಳೆಗಾಲದಲ್ಲಿ ಕೆಲವು ದಿನ ಕಾರ್ಖಾನೆಗೆ ಕಾರ್ಖಾನೆಯೇ ಕೆಮ್ಮುತ್ತಿತ್ತು.

ನಿನ್ನ ತಂದೆಗೆ ನಾನೊಮ್ಮೆಯೂ ಹಾಗೆ ಹಾಕಬೇಕಾಗಿರಲಿಲ್ಲ. ನನಗಿಂತ ಮೊದಲೇ ಬಂದು ಇಂಜಿನ್ನಿಗೆ ಎಣ್ಣೆ ಹಾಕುತ್ತಿದ್ದರು. “ಅಯ್ಯನೋರ, ನನ್ನ ಹೆಸರು ಕೂಗಬ್ಯಾಡ್ರಿ. ಸೀಟಿ ಹೊಡದ್ರ ನಾ ಬಂದೀನಿ ಅಂತ ತಿಳೀರಿ” ಅನ್ನುತ್ತಿದ್ದರು.

ಪತ್ರಿಕೆಗೆ ಇಷ್ಟು ಸಾಕಲ್ಲವೇ? ಪರೀಕ್ಷೆಗೆ ಚೆನ್ನಾಗಿ ಓದು.

ತಿಕ್ಕಲು ಕಾರ್ಖಾನೆಯ ಹಳೆಯ ಗುಮಾಸ್ತ,
ಗುರುಲಿಂಗಯ್ಯ


ವಾಡಿ
೨೦ ಫೆಬ್ರುವರಿ ೧೯೫೬

ಗುರುಲಿಂಗಯ್ಯ ಕಾಕಾ ಅವರಿಗೆ,

ನಿಮ್ಮ ಕಾಗದ ಅಮ್ಮಿಯ ಕೈಗೇ ಸಿಕ್ಕಿತು. ಓದಿ ಹೇಳೆಂದರು. ಜಾನಬಿಯ ಕೈ ನೋಡಿದ ಕಥೆಗೆ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರು ನಕ್ಕದ್ದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದೆ. ಸೀಟಿಯ ಮಾತು ಬಂದಾಗ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದರು. “ಅಯ್ಯನೋರು ಎಲ್ಲಾ ಬರದಾರ. ನೀ ಕೇಳಿದ್ದೊಂದ ಬಿಟ್ಟಾರ” ಅಂದರು. ನಾನು ಕೇಳಿದ್ದು ಅವರಿಗೆ ಹೇಗೆ ಗೊತ್ತಾಯಿತೋ!

ಪ್ರಶ್ನೆ ಯಾಕೆ ಮುಖ್ಯವೆಂದು ಹೇಳಿಬಿಡುತ್ತೇನೆ. ಮೆಟ್ರಿಕ್ ಆದ ಮೇಲೆ ಗುಲಬರ್ಗಾದಲ್ಲಿ ಮಾಸ್ತರಿಕೆಯ ಟ್ರೇನಿಂಗಿಗೆ ಸೇರಬಹುದು. ಮಾಮೂ ಮನೆಯಲ್ಲಿ ಇಬ್ಬರಿಗೂ ಜಾಗವಿದೆ. ಆದರೆ ಅಮ್ಮಿ ವಾಡಿ ಬಿಡುವುದಿಲ್ಲ. ಅವರೊಬ್ಬರನ್ನೇ ಬಿಟ್ಟು ನಾನು ಹೋಗಲಾರೆ.

“ಮನಿಗಿ ಕೀಲಿ ಹಾಕ್ಕೊಂಡು ಹೋದ್ರ ಅವ್ರು ಬಂದು ಎಲ್ಲಿ ನಿಂದರಬೇಕು?” ಅನ್ನುತ್ತಾರೆ.

“ಎಂಟು ವರ್ಷ ಬರದಿದ್ದವರು ಈಗ ಬರ್ತಾರೇನು ಅಮ್ಮಿ?”

“ಹನ್ನೊಂದು ದಿನ ಹಾಜರಿದ್ದ ಮನುಷ್ಯಾ ಸತ್ತಿಲ್ಲ. ಬೊಂಬಾಯ್ದಾಗ ಮತ್ತೊಂದು ಮಾಡ್ಕೊಂಡಾರ. ಅಕಿ ಸಾಕಾದ ಮ್ಯಾಲ ಬರ್ತಾರ. ಬಂದ ದಿನ ಎರಡ ಮಾತು ಆಡಿ ಬಾಗಲಾ ಮುಚ್ಚತೀನಿ. ಅದಕ್ಕರ ನಾ ಇಲ್ಲಿರಬೇಕು.”

ಆ ಎರಡು ಮಾತು ಏನೆಂದು ಅವರು ಎಂಟು ವರ್ಷದಿಂದ ಜೋಡಿಸುತ್ತಿದ್ದಾರೆ ಕಾಕಾ. ಆ ಹನ್ನೊಂದು ದಿನ ನೀವು ಅಬ್ಬಾನನ್ನು ದಿನಾ ನೋಡಿದ್ದೀರಿ. ಏನನ್ನುತ್ತಿದ್ದರು? ನಮ್ಮ ಹೆಸರು ಎತ್ತಲಿಲ್ಲವೇ?

ಕಾಯುವ,
ಸರ್ವರಬೇಗಂ


ಚಿಂಚೋಳಿ
೩ ಮಾರ್ಚ್ ೧೯೫೬

ಚಿರಂಜೀವಿ ಸರ್ವರಬೇಗಂಗೆ,

ನನಗೂ ಪರೀಕ್ಷೆಗಳ ಕಾಲ, ಮಾಸ್ತರರ ಪರೀಕ್ಷೆ. ಹುಡುಗರ ಉತ್ತರ ಓದಿ ಓದಿ ನನ್ನ ಉತ್ತರಗಳೂ ಹಾಗೇ ಆಗಿವೆ: ಪ್ರಶ್ನೆ ಒಂದು ಕಡೆ, ಉತ್ತರ ಒಂದು ಕಡೆ, ನಡುವೆ ಮಾರ್ಜಿನ್ನು.

ಆ ದಿನಗಳದ್ದು ನನಗೆ ಚೆನ್ನಾಗಿ ನೆನಪಿಲ್ಲ. ಜನ ತಮ್ಮ ನೆರಳಿಗೂ ಸಲಾಂ ಹೊಡೆದು ಓಡುತ್ತಿದ್ದ ಕಾಲ. ಪುಸ್ತಕದಲ್ಲಿ ಏನಿದೆಯೋ ಅದೇ. ಗುಲಬರ್ಗಾದಿಂದ ವಿಚಾರಣೆಗೆ ಬಂದ ಪೊಲೀಸರೂ ಅದನ್ನೇ ನೋಡಿ, ತಾನಾಗಿ ಹೋದವನು ಎಂದು ಬರೆದುಕೊಂಡು ಹೋದರು. ನೀನು ಟ್ರೇನಿಂಗಿಗೆ ಖಂಡಿತ ಸೇರಿಕೋ. ಭಾಭಿಗೆ, ನಿನ್ನ ಅಮ್ಮಿಗೆ, ನಾನು ಹೇಳಿದೆನೆಂದು ಹೇಳು.

ಗಡಿಬಿಡಿಯಲ್ಲಿ,
ಗುರುಲಿಂಗಯ್ಯ


ವಾಡಿ
೯ ಏಪ್ರಿಲ್ ೧೯೫೬

ಗುರುಲಿಂಗಯ್ಯನವರಿಗೆ,

ಪರೀಕ್ಷೆ ಮುಗಿಯಿತು. ಮರುದಿನ ಕಾರ್ಖಾನೆಗೆ ಹೋದೆ. ಛಾವಣಿಯಿಲ್ಲದ ಕಚೇರಿಯಲ್ಲಿ ಕಾವಲಿನ ದೇವೀಂದ್ರಪ್ಪ ಕೂತಿದ್ದ. ಹಳೆಯ ಪುಸ್ತಕಗಳ ಹಾಳೆ ಹರಿದು ಒಲೆ ಹೊತ್ತಿಸುತ್ತಿದ್ದ. ಹಾಜರಿ ಪುಸ್ತಕ ಕೇಳಿದೆ.

“ಒಯ್ಯವ್ವಾ, ಒಯ್ಯಿ. ನಂಗ ಚಾ ಕಾಸಾಕ ಇನ್ನೂ ಭಾಳ ಅದಾವು” ಅಂದ.

ಅವನ ಚಹಾ ಇನ್ನೂ ಆ ವರ್ಷಕ್ಕೆ ತಲುಪಿರಲಿಲ್ಲ. ಆಗಿನ ಸರಕಾರಿ ಪಂಚಾಂಗದ ಫಸಲಿ ತಿಂಗಳ ಹೆಸರುಗಳನ್ನು ಅಮ್ಮಿಯಿಂದ ಕೇಳಿಕೊಂಡು ಹಾಳೆ ಹುಡುಕಿದೆ. ಅಬ್ಬಾನ ಹೆಸರಿನ ಮುಂದೆ ಹನ್ನೊಂದು ಗುರುತು ಇವೆ. ಎಲ್ಲವೂ ನಿಮ್ಮ ಕೈಯವು. ಅದರ ಕೆಳಗೆ ಕಟ್ಟಿದ್ದ ಇನ್ನೊಂದು ಪುಸ್ತಕವನ್ನೂ ತಂದೆ. ಅದು ಕಲ್ಲಿದ್ದಲಿನದು, ದಿನಕ್ಕೆಷ್ಟು ಬುಟ್ಟಿ ಬಾಯ್ಲರಿಗೆ ಹೋಯಿತೆಂದು ಬರೆದದ್ದು. ಆ ಹನ್ನೊಂದು ದಿನವೂ ಅಲ್ಲಿ ಸೊನ್ನೆಯಿದೆ.

ಬೆಂಕಿ ಇಲ್ಲ, ಉಗಿ ಇಲ್ಲ, ಇಂಜಿನ್ ತಿರುಗಿಲ್ಲ. ಇಂಜಿನ್ ಮೇಸ್ತ್ರಿ ಮಾತ್ರ ದಿನಾ ಹಾಜರ್!

ಆ ದಿನಗಳಲ್ಲಿ ಯಾರು ಕೆಮ್ಮಿದರು ಕಾಕಾ?

ಈ ಸಲ ನಗಿಸಬೇಡಿ.

ಸರ್ವರಬೇಗಂ


ಚಿಂಚೋಳಿ
೧೮ ಮೇ ೧೯೫೬

ಮಗಳೇ,

ನಿನ್ನ ಕಾಗದ ಬಂದು ಐದು ವಾರವಾಯಿತು. ಏಳು ಸಲ ಬರೆಯಲು ಕೂತೆ. ಪ್ರತಿ ಸಲವೂ ಮೊದಲ ಸಾಲಿನಲ್ಲಿ ಒಂದು ನಗೆಮಾತು ಬಂದು ಬಾಗಿಲಿಗೆ ಅಡ್ಡ ಕೂರುತ್ತಿತ್ತು. ಇಂದು ಅದನ್ನು ದಾಟಿ ಬರೆಯುತ್ತೇನೆ.

ಯಾರೂ ಕೆಮ್ಮಲಿಲ್ಲ. ನಿನ್ನ ತಂದೆ ಇರಲಿಲ್ಲ.

ನೀವು ಗುಲಬರ್ಗಾಕ್ಕೆ ಹೋದದ್ದು ಭಾನುವಾರ. ಅವರು ಹಿಂದೆ ಉಳಿದದ್ದು ಬಾಯ್ಲರಿಗಾಗಿ. ನೀರು ತುಂಬಿಟ್ಟು ಬೆಂಕಿ ಹಾಗೇ ಬಿಟ್ಟರೆ ಒಡೆಯುತ್ತದೆ, ಸುತ್ತಲ ಗುಡಿಸಲುಗಳಲ್ಲಿ ಮಕ್ಕಳಿದ್ದಾರೆ ಅಂದರು. ಸೋಮವಾರ ಮಧ್ಯಾಹ್ನ ಬೆಂಕಿ ಕೆದರಿ ತೆಗೆದು, ನೀರು ಬಿಟ್ಟು, ಕೈ ಒರೆಸಿಕೊಳ್ಳುತ್ತಾ ನನ್ನ ಕಿಟಕಿಗೆ ಬಂದರು.

“ಆತ್ರಿ ಅಯ್ಯನೋರ. ಇಂಜಿನ್ ಮಲಗ್ತು. ನಾಳಿ ಗಾಡಿಗಿ ಗುಲಬರ್ಗಾಕ್ಕ ಹೋಗ್ತೀನಿ.”

“ಇವತ್ತ ಯಾ ಕಡಿ ಇರ್ತೀರಿ?” ಅಂದೆ.

“ಮನೀಗೇ ಹೋಗ್ತೀನಿ. ಖಣಿ ದಾರಿ ಹಿಡದ್ರ ಯಾರೂ ಭೆಟ್ಟಿ ಆಗಂಗಿಲ್ಲ.”

ನನ್ನ ಮನೆ ಕಾರ್ಖಾನೆಯ ಬೆನ್ನಿಗೇ ಇತ್ತು. ಇಂದು ನಮ್ಮಲ್ಲೇ ಇರ್ರಿ ಎಂದು ನಾನು ಅನ್ನಲಿಲ್ಲ. ಅವರು ಒಂದು ಕ್ಷಣ ನಿಂತರು. ಆ ಮಾತಿಗಾಗಿ ನಿಂತರೋ, ಬೀಡಿ ಹಚ್ಚಲು ನಿಂತರೋ, ನನಗೆ ಇಂದಿಗೂ ತಿಳಿಯದು. ಹೋದರು.

ಮಂಗಳವಾರ ಬೆಳಿಗ್ಗೆ ಖಣಿಯ ಪಂಪಿನ ಅಂಬರಾಯ ಓಡಿಬಂದು ಕರೆದ. ಅವರು ನೀರಿನ ಅಂಚಿನಲ್ಲಿದ್ದರು. ತಲೆಗೆ ಪೆಟ್ಟು ಬಿದ್ದಿತ್ತು, ಜೀವ ಇರಲಿಲ್ಲ. ಹೊಡೆದವರು ಯಾರೆಂದು ನಾನು ನೋಡಿಲ್ಲ, ಅಂಬರಾಯನೂ ನೋಡಿಲ್ಲ. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ನಿಮ್ಮವರನ್ನು ಕರೆಯೋಣವೆಂದರೆ ವಾಡಿಯ ಆ ಓಣಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ಖಣಿಯ ಹಿಂದಿನ ಬೇವಿನ ಬುಡದಲ್ಲಿ ಇಬ್ಬರೂ ತೋಡಿದೆವು.

ಅಂಬರಾಯ ಕೇಳಿದ, “ಅಯ್ಯೋರ, ಅವರ ಪದ್ಧತಿ ನಿಮಗ ಗೊತ್ತದೇನ್ರಿ?”

“ಇಲ್ಲೋ.”

“ಮತ್ತ ಹ್ಯಾಂಗ?”

“ನಮ್ಮದು ಗೊತ್ತದ,” ಅಂದೆ.

ನಮ್ಮಲ್ಲಿ ಮಣ್ಣು ಕೊಡುವಾಗ ಮಲಗಿಸುವುದಿಲ್ಲ ಮಗಳೇ, ಕೂರಿಸುತ್ತೇವೆ. ಜಂಗಮನ ಮಗನಾಗಿ ನಾನು ನೋಡಿದ್ದು ಅದೊಂದೇ. ನಿನ್ನ ತಂದೆಯನ್ನು ಹಾಗೆ ಕೂರಿಸಿದೆ. ಅಭ್ಯಾಸದಿಂದ ವಿಭೂತಿಗೆ ಕೈ ಹೋಯಿತು. ಹಣೆಯ ಹತ್ತಿರ ತಡೆದೆ. ಅಂಬರಾಯ ತನ್ನ ಹೊದಿಕೆ ಹೊದಿಸಿದ. ಅವರದೊಂದು ಪ್ರಾರ್ಥನೆಯಾದರೂ ನನಗೆ ಬರುತ್ತಿದ್ದರೆ! ಹದಿಮೂರು ವರ್ಷ ಜೊತೆಗಿದ್ದು ನಾನು ಅವರಿಂದ ಕಲಿತದ್ದು ಬೀಡಿ ಸೇದುವುದೊಂದೇ.

ಗುರುವಾರ ಕಾರ್ಖಾನೆಯ ಬಾಗಿಲು ತೆಗೆದರು. ಇಂಜಿನ್ನಿಲ್ಲದೆ, ಉಳಿದ ಜನ ಕೈಯಲ್ಲೇ ಕಲ್ಲು ತಿಕ್ಕಿದರು. ಹೆಸರು ಕೂಗುತ್ತಾ ಮೆಹತಾಬ್ ಎಂದೆ. ಅಂಬರಾಯ ತನ್ನ ಕಾಲು ನೋಡಿಕೊಂಡ. ಗೈರ್ ಎಂದು ಬರೆದರೆ ಮೂರನೆಯ ದಿನ ಅವರ ಹೆಸರಿನ ಮೇಲೆ ನಾನೇ ಅಡ್ಡಗೆರೆ ಎಳೆಯಬೇಕು. ಗೈರ್ ಎಂದರೆ ಎಲ್ಲಿ ಎಂದು ಯಾರಾದರೂ ಕೇಳುತ್ತಾರೆ. ಹಾಜರ್ ಹಾಕಿದೆ. ಅದರಲ್ಲಿ ಪ್ರೀತಿ ಎಷ್ಟು, ಭಯ ಎಷ್ಟು ಎಂದು ನಾನು ಇಂದಿಗೂ ಬಿಡಿಸಿ ನೋಡಿಲ್ಲ. ಹನ್ನೊಂದನೆಯ ದಿನ ಕಾರ್ಖಾನೆ ಪೂರ್ತಿ ನಿಂತಿತು.

ಭಾಭಿ ಬಂದು ಕೇಳಿದಾಗ ಪುಸ್ತಕ ಮುಂದೆ ಸರಿಸಿದೆ. ಅವರ ಮುಖದಲ್ಲಿ ಬೆಳಕು ಬಂತು. ಆ ಬೆಳಕು ಕಂಡ ಮೇಲೆ ನಾನು ಇನ್ನೂ ಹೇಡಿಯಾದೆ. ಎರಡು ತಿಂಗಳಲ್ಲಿ ವಾಡಿ ಬಿಟ್ಟೆ. ಅಂಬರಾಯ ತನ್ನ ಊರು ಸನ್ನತಿಗೆ ಹೋಗಿ, ಮೂರು ವರ್ಷದ ಹಿಂದೆ ತೀರಿಕೊಂಡ.

ಅವರು ನಿಮ್ಮನ್ನು ಬಿಟ್ಟು ಹೋಗಲಿಲ್ಲ. ಮರುದಿನದ ಗಾಡಿಗೆ ಬರುವವರಿದ್ದರು.

ಗುರುಲಿಂಗಯ್ಯ


ವಾಡಿ
೨ ಜೂನ್ ೧೯೫೬

ಕಾಕಾ,

ನಾಲ್ಕು ದಿನ ಕಾಗದವನ್ನು ಪುಸ್ತಕದಲ್ಲಿ ಬಚ್ಚಿಟ್ಟಿದ್ದೆ. ಐದನೆಯ ದಿನ ಅಮ್ಮಿಗೆ ಓದಿದೆ. ಅಳಲಿಲ್ಲ. ಕೊನೆಯವರೆಗೆ ಕೇಳಿ, ಅಕ್ಕಿ ಆರಿಸುವ ಮೊರ ಕೆಳಗಿಟ್ಟರು.

“ನೀನೇ ಬರಸೀದಿ.”

“ಇಲ್ಲ ಅಮ್ಮಿ.”

“ಗುಲಬರ್ಗಾಕ್ಕ ಹೋಗಬೇಕಂತ ನೀನೇ ಅಯ್ಯನೋರಿಗಿ ಹೇಳಿ ಬರಸೀದಿ. ಆ ಮನುಷ್ಯಾ ಎದುರಿನವರಿಗಿ ಏನ ಬೇಕೋ ಅದನ್ನ ಬರೀತಾನ. ಅವತ್ತ ನಂಗ ಜೀವಂತ ಗಂಡ ಬೇಕಾಗಿದ್ದ, ಹಾಜರ್ ಅಂತ ತೋರಿಸ್ದ. ಇವತ್ತ ನಿಂಗ ಸತ್ತ ಅಪ್ಪ ಬೇಕಾಗ್ಯಾನ, ಹೂತೀನಿ ಅಂತ ಬರದಾನ.”

ಅದರಲ್ಲಿ ಒಂದೆಳೆ ನಿಜವಿತ್ತು. ನಿಮ್ಮ ಕಾಗದ ಓದಿದಾಗ ಅತ್ತೆ. ಅತ್ತಾದ ಮೇಲೆ ಟ್ರೇನಿಂಗಿನ ಅರ್ಜಿಯ ಕೊನೆಯ ತಾರೀಖು ನೆನೆದೆ. ಅಲ್ಲಾಹ್ ಕ್ಷಮಿಸಲಿ.

ಸಂಜೆ ಅಮ್ಮಿ ತಾವಾಗಿಯೇ ಮಾತೆತ್ತಿದರು. “ಒಂದ ಕೇಳಿ ಬರಿ. ಮುಖ ಯಾ ಕಡಿ ಮಾಡಿದ್ದ ಅಂತ ಕೇಳು.”

ನಮ್ಮಲ್ಲಿ ಪಶ್ಚಿಮಕ್ಕೆ, ಕಾಬಾದ ಕಡೆಗೆ ಮಾಡುತ್ತಾರೆ. ಯಾವ ಕಡೆ ಎಂದು ಅಮ್ಮಿ ಕಾಗದದಲ್ಲಿ ಬರೆಯಬೇಡ ಅಂದಿದ್ದರು. ನಾನು ಬರೆದಿದ್ದೇನೆ. ಪಶ್ಚಿಮ ಎಂದು ಬಂದರೆ ಅವರ ಮನಸ್ಸಿಗೆ ಅಷ್ಟಾದರೂ ಸಮಾಧಾನ. ಅದನ್ನು ನೋಡಿದವರು ಈಗ ನೀವೊಬ್ಬರೇ. ನಾನು ಹೆಚ್ಚು ಹೇಳುವುದಿಲ್ಲ.

ಸರ್ವರಬೇಗಂ


ಚಿಂಚೋಳಿ
೧೦ ಜೂನ್ ೧೯೫೬

ಮಗಳೇ,

ಪಶ್ಚಿಮ ಎಂದು ಬರೆದು ಅಂಚೆ ಡಬ್ಬಿಯವರೆಗೆ ಹೋಗಿದ್ದೆ. ಹರಿದು ಬಂದು ಇದನ್ನು ಬರೆಯುತ್ತಿದ್ದೇನೆ.

ಪೂರ್ವಕ್ಕಿತ್ತು. ನಮ್ಮ ಪದ್ಧತಿ. ಹೊತ್ತು ಏರುತ್ತಿತ್ತು, ಬಿಸಿಲು ಅವರ ಮುಖದ ಮೇಲೆ ಬೀಳುತ್ತಿತ್ತು. ನಿಮ್ಮದು ಯಾವ ಕಡೆಯೆಂದು ಆಗ ನನಗೆ ಹೊಳೆಯಲಿಲ್ಲ. ಅವರು ದಿನಾ ನಮಾಜಿಗೆ ನಿಲ್ಲುವುದನ್ನು ಕಿಟಕಿಯಿಂದ ಕಂಡವನು ನಾನು. ಹೊಳೆಯಬೇಕಿತ್ತು.

ದಿನವನ್ನೂ ಬರೆಯುತ್ತೇನೆ, ವರ್ಷದ ಫಾತೆಹಾ ಓದಿಸಲು ಬೇಕಾದೀತು. ಹುಣ್ಣಿಮೆಯಾಗಿ ಎರಡು ದಿನ ಕಳೆದ ಸೋಮವಾರ. ಗುಲಬರ್ಗಾದ ಬಂದೇನವಾಜರ ಉರುಸು ಎರಡನೆಯ ದಿನಕ್ಕೆ ಬಿದ್ದಿತ್ತು. ಆ ವರ್ಷ ಅಲ್ಲಿ ಎಷ್ಟು ದೀಪ ಹಚ್ಚಿದರೋ ಅರಿಯೆ.

ಗುರುಲಿಂಗಯ್ಯ


ವಾಡಿ
೨೮ ಜೂನ್ ೧೯೫೬

ಕಾಕಾ,

ನಿಮ್ಮ ಕಾಗದವನ್ನು ಅಮ್ಮಿಗೆ ಓದಲು ನನಗೆ ಧೈರ್ಯವಾಗಲಿಲ್ಲ. ಕೊಟ್ಟುಬಿಟ್ಟೆ. ಕನ್ನಡ ಓದಲು ಅವರಿಗೆ ಬಾರದು. ಪಕ್ಕದ ಮನೆಯ ಇಮಾಮ್‌ಬೀಯ ಸೊಸೆಯಿಂದ ಓದಿಸಿಕೊಂಡು ಬಂದರು. ಬಂದವರು ಹೊಸ್ತಿಲಲ್ಲೇ ನಿಂತು, “ಪೂರ್ವಕ್ಕ” ಅಂದರು. ಮತ್ತೆ, “ಪಶ್ಚಿಮ ಅಂದಿದ್ರ ನಾ ಇನ್ನಷ್ಟು ವರ್ಷ ಕಾಯ್ತಿದ್ದೆ” ಅಂದರು. ಆಗ ಕೂತು ಅತ್ತರು. ಎಂಟು ವರ್ಷದ್ದನ್ನು ಒಮ್ಮೆಗೇ ಅತ್ತರು. ಕೈಯ ಹಸಿರು ಬಳೆಗಳನ್ನು ಬಾಗಿಲ ಚೌಕಟ್ಟಿಗೆ ಹೊಡೆದುಕೊಂಡರು. ಒಂದು ಚೂರು ಮಣಿಕಟ್ಟಿಗೆ ತಾಗಿ ರಕ್ತ ಬಂತು. ಒರೆಸಲು ಬಿಡಲಿಲ್ಲ.

ಮೊನ್ನೆ ಉರುಸಿನ ಎರಡನೆಯ ದಿನ ಬೇವಿನ ಗಿಡದ ಹತ್ತಿರ ಹೋಗಿದ್ದೆವು. ಖಣಿಯಲ್ಲಿ ಹೊಸ ನೀರು ನಿಂತಿದೆ. ಕಾಜಿಯವರು ಬಂದಿದ್ದರು. ತೆಗೆದು ಸರಿಯಾಗಿ ಮಲಗಿಸಬಹುದೇ ಎಂದು ನಾನು ಕೇಳಿದೆ. ಅವರು ಉತ್ತರ ಕೊಡುವ ಮೊದಲೇ ಅಮ್ಮಿ, “ಬ್ಯಾಡ. ಎಬ್ಬಿಸಬ್ಯಾಡ್ರಿ. ತಿಳೀದವರ ಕೈಯಾಗಾದ್ರೂ ಮಣ್ಣು ಸಿಕ್ಕದ” ಅಂದರು. ಫಾತೆಹಾ ಓದಿಸಿದೆವು. ಎಂಟು ವರ್ಷ ಜೋಡಿಸಿಟ್ಟ ಆ ಎರಡು ಮಾತನ್ನು ಅಮ್ಮಿ ಆಡುತ್ತಾರೇನೋ ಎಂದು ಭಯದಿಂದಲೋ ಆಸೆಯಿಂದಲೋ ಕಾದೆ. ಆಡಲಿಲ್ಲ.

ಜುಲೈ ಮೊದಲ ವಾರ ಮನೆಗೆ ಕೀಲಿ ಹಾಕಿ ಗುಲಬರ್ಗಾಕ್ಕೆ ಹೋಗುತ್ತೇವೆ. ಪತ್ರಿಕೆಗೆ ಕಾರ್ಖಾನೆಯ ಕಥೆ ಕೊಡಲಿಲ್ಲ.

ಅಮ್ಮಿ ನಿಮಗೆ ಸಲಾಂ ಹೇಳಿಲ್ಲ. ಹೇಳಿದ್ದಾರೆಂದು ನಾನು ಬರೆಯಬಹುದಿತ್ತು.

ಸರ್ವರಬೇಗಂ